ನೋಡುವ ಕೊಳವೆ, ಬರೆಯುವ ಕೊಳವೆ

ಸಪ್ತರ್ಷಿಮಂಡಲದ ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅದರ ಮಗ್ಗುಲಿಗೆ ಮಂಕಾಗಿ ಮಿನುಗುವುದು ಅರುಂಧತಿ. ಮಂಕಾದುದನ್ನು ನೇರವಾಗಿ ತೋರಿಸಲು ಹೋದರೆ ನೋಡುವವರ ಕಣ್ಣಿಗೆ ಅದು ಸಿಕ್ಕುವುದಿಲ್ಲ. ಆದ್ದರಿಂದ ಮೊದಲು ಬಳಿಯಲ್ಲಿರುವ ಸ್ಥೂಲವಾದುದನ್ನು ತೋರಿಸಿ, ಅಲ್ಲಿಂದ ಸೂಕ್ಷ್ಮದತ್ತ ದೃಷ್ಟಿಯನ್ನು ಒಯ್ಯಬೇಕು. ಈ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ಅರುಂಧತೀ ದರ್ಶನ ನ್ಯಾಯವೆಂದು ಹೆಸರಿಟ್ಟರು. 1857ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಇದೇ ಎರಡು ನಕ್ಷತ್ರಗಳ ಛಾಯಾಚಿತ್ರವನ್ನು ತೆಗೆಯಲಾಯಿತು. ಆಕಾಶ ಛಾಯಾಗ್ರಹಣದ ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಗಮನಿಸಿದರೆ, ನಮ್ಮ ಹಳೆಯ ನ್ಯಾಯವೇ ಹಿತ್ತಾಳೆ ಮತ್ತು ಗಾಜಿನಲ್ಲಿ ಮೈದಳೆದು ನಿಂತಂತೆ ಕಾಣುತ್ತದೆ. ಒಂದು ದೂರದರ್ಶಕದ ಮೇಲೆ ಇನ್ನೊಂದನ್ನು ಕೂರಿಸಿ, ಒಂದರಲ್ಲಿ ಬೆಳಗುವ ನಕ್ಷತ್ರವನ್ನು ನೋಡುತ್ತ, ಇನ್ನೊಂದರಲ್ಲಿ ಕಣ್ಣಿಗೆಟುಕದ ಆಕಾಶವನ್ನು ಬರೆದುಕೊಳ್ಳುವ ಉಪಾಯ ಅದು. ನೀಹಾರಿಕೆಗಳ ಚಿತ್ರಗಳನ್ನು ನೋಡಿ ಬೆರಗಾಗುವ ನಾವು ಈ ಎರಡನೆಯ ಕೊಳವೆಯನ್ನಾಗಲಿ, ಅದಕ್ಕೆ ಕಣ್ಣಿಟ್ಟು ಕುಳಿತವರನ್ನಾಗಲಿ ಸಾಮಾನ್ಯವಾಗಿ ನೆನೆಯುವುದಿಲ್ಲ. ಅವರ ಕುರಿತು ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಎರಡನೆಯ ಕೊಳವೆ ಏಕೆ ಬೇಕಾಯಿತು? ಭೂಮಿ ತಿರುಗುವುದರಿಂದ ಆಕಾಶವೆಲ್ಲ ಪಶ್ಚಿಮಕ್ಕೆ ಸರಿಯುವಂತೆ ಕಾಣುತ್ತದೆ. ನಮ್ಮ ಹಳೆಯ ಜ್ಯೋತಿಷಗ್ರಂಥಗಳ ಮಾಪನದಲ್ಲಿ ಹೇಳುವುದಾದರೆ ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಆಕಾಶದ ಈ ಸರಿತ ಪ್ರತಿ ಸೆಕೆಂಡಿಗೆ ಸುಮಾರು 15 ವಿಕಲೆಗಳಷ್ಟು. ಅದನ್ನು ಸರಿದೂಗಿಸಲು ದೂರದರ್ಶಕವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾದ ಅಕ್ಷದ ಮೇಲೆ ನಿಲ್ಲಿಸಿ, ತೂಕದ ಗುಂಡಿನಿಂದ ನಡೆಯುವ ಗಡಿಯಾರ ಯಂತ್ರದಿಂದ ತಿರುಗಿಸುವ ಏರ್ಪಾಡು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ರೂಢಿಯಲ್ಲಿತ್ತು. ಕಣ್ಣಿನಿಂದ ನೋಡುವವರಿಗೆ ಅಷ್ಟು ಸಾಕು. ನಕ್ಷತ್ರ ಕೊಂಚ ಅತ್ತಿತ್ತ ಸರಿದರೆ ಕಣ್ಣು ತಾನೇ ಹಿಂಬಾಲಿಸುತ್ತದೆ. ಛಾಯಾಚಿತ್ರದ ಫಲಕಕ್ಕೆ ಆ ಔದಾರ್ಯವಿಲ್ಲ. ಹಲ್ಲುಚಕ್ರದ ಒಂದು ಹಲ್ಲು ಸವೆದಿದ್ದರೂ, ದಿಗಂತದ ಬಳಿ ಗಾಳಿಯ ಪದರಗಳು ಬೆಳಕನ್ನು ಬಾಗಿಸಿದರೂ ಫಲಕ ಅದನ್ನೆಲ್ಲ ಗುರುತು ಹಾಕಿಕೊಳ್ಳುತ್ತದೆ. ದುಂಡಾಗಬೇಕಾದ ಚುಕ್ಕೆ ಗೀರಾಗುತ್ತದೆ.

ಹಾಗಾದರೆ ನೋಡುತ್ತಲೇ ತಿದ್ದಬಾರದೇಕೆ? ಏಕೆಂದರೆ ಕಣ್ಣು ಇರಬೇಕಾದ ಜಾಗದಲ್ಲಿ ಈಗ ಫಲಕ ಕುಳಿತಿದೆ. ಅಷ್ಟೇ ಅಲ್ಲ, ಅಂದಿನ ಫಲಕಗಳು ಮುಖ್ಯವಾಗಿ ನೀಲಿ ಮತ್ತು ನೇರಳೆ ಬೆಳಕಿಗೆ ಸ್ಪಂದಿಸುತ್ತಿದ್ದವು. ನಮ್ಮ ಕಣ್ಣು ಹೆಚ್ಚು ಗ್ರಹಿಸುವುದು ಹಳದಿ ಮತ್ತು ಹಸಿರನ್ನು. ನೀಲಿಗೆ ಹೊಂದುವಂತೆ ಉಜ್ಜಿದ ಮಸೂರ ಕಣ್ಣಿಗೆ ಮಸುಕು, ಕಣ್ಣಿಗೆ ಹೊಂದುವ ಮಸೂರ ಫಲಕಕ್ಕೆ ಮಸುಕು. ಹೀಗೆ ಬರೆಯುವ ಕೊಳವೆ ನೋಡಲಾರದು, ನೋಡುವ ಕೊಳವೆ ಬರೆಯಲಾರದು. ಕುಂಟನನ್ನು ಹೊತ್ತ ಕುರುಡನ ಕಥೆಯಲ್ಲಿರುವಂತೆ ಇಬ್ಬರನ್ನೂ ಒಂದೇ ಮೈಯಾಗಿ ಕಟ್ಟುವುದೊಂದೇ ದಾರಿ.

ಆದರೂ ಈ ಜೋಡಣೆಯ ಅಗತ್ಯ ಮೊದಲ ಮೂವತ್ತು ವರ್ಷ ಅಷ್ಟಾಗಿ ತಲೆದೋರಲಿಲ್ಲ. 1850ರಲ್ಲಿ ಹಾರ್ವರ್ಡಿನಲ್ಲೇ ಅಭಿಜಿತ್ ನಕ್ಷತ್ರದ ಚಿತ್ರವನ್ನು ಪಾಲಿಶ್ ಮಾಡಿದ ಬೆಳ್ಳಿಯ ತಗಡಿನ ಮೇಲೆ ಹಿಡಿದಿದ್ದರು. ಮುಂದೆ ಬಂದ ಕಲೋಡಿಯನ್ ಫಲಕಗಳನ್ನು ಹಸಿಯಾಗಿರುವಾಗಲೇ ಬಳಸಬೇಕಿತ್ತು, ಒಣಗಿದರೆ ಕೆಲಸ ಕೆಟ್ಟಂತೆ. ಫಲಕ ಹಸಿಯಿರುವ ಕೆಲವು ನಿಮಿಷಗಳಷ್ಟೇ ಬೆಳಕು ಹಿಡಿಯಲು ಸಾಧ್ಯವಿದ್ದಾಗ ಗಡಿಯಾರ ಯಂತ್ರದ ಸಣ್ಣಪುಟ್ಟ ದೋಷ ಬಯಲಾಗುವಷ್ಟು ಹೊತ್ತೇ ಇರಲಿಲ್ಲ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಕ್ಸ್ ಜೆಲಟಿನ್ ಲೇಪನದ ಒಣ ಫಲಕದ ವಿಧಾನವನ್ನು ಪ್ರಕಟಿಸಿದ. ಅದು ಸುಧಾರಿಸಿ ಕೈಗೆ ಬಂದ ಮೇಲೆ ಗಂಟೆಗಟ್ಟಲೆ ಬೆಳಕನ್ನು ಕೂಡಿಡುವುದು ಸಾಧ್ಯವಾಯಿತು. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ಹೆನ್ರಿ ಡ್ರೇಪರ್ ಮಹಾವ್ಯಾಧದ ನೀಹಾರಿಕೆಯನ್ನು 51 ನಿಮಿಷಗಳ ಕಾಲ ಹಿಡಿದು ಅದರ ಮೊದಲ ಚಿತ್ರವನ್ನು ತೆಗೆದ. ಫಲಕದ ತಾಳ್ಮೆ ಹೆಚ್ಚಿತು. ಆ ತಾಳ್ಮೆಗೆ ಸರಿಸಾಟಿಯಾದ ತಾಳ್ಮೆ ಈಗ ಮನುಷ್ಯನಿಗೂ ಬೇಕಾಯಿತು.

ದೊಡ್ಡ ದೂರದರ್ಶಕದ ಮೇಲೆ ಚಿಕ್ಕದನ್ನು ಕಟ್ಟಿ ಪಡೆದ ಮೊದಲ ದೊಡ್ಡ ಯಶಸ್ಸು ದಕ್ಷಿಣ ಆಫ್ರಿಕದ್ದು. 1882ರ ಸೆಪ್ಟೆಂಬರಿನಲ್ಲಿ ಹಗಲಿನಲ್ಲೂ ಕಾಣುವಷ್ಟು ಪ್ರಖರವಾದ ಧೂಮಕೇತುವೊಂದು ದಕ್ಷಿಣದ ಆಕಾಶದಲ್ಲಿ ಮೂಡಿತು. ಆಗ ಕೇಪ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದವನು ಡೇವಿಡ್ ಗಿಲ್. ಊರಿನ ಹಲವರು ಸಾಧಾರಣ ಕ್ಯಾಮೆರಾಗಳಿಂದಲೇ ಧೂಮಕೇತುವಿನ ಚಿತ್ರ ಹಿಡಿದದ್ದನ್ನು ಕಂಡು, ಆ ಕ್ಯಾಮೆರಾ ಆಕಾಶದೊಡನೆ ಚಲಿಸುವಂತಾದರೆ ಏನಾದೀತೆಂದು ಅವನು ಯೋಚಿಸಿದ. ವೀಕ್ಷಣಾಲಯದಲ್ಲಿ ಛಾಯಾಗ್ರಹಣ ಬಲ್ಲವರಿರಲಿಲ್ಲ. ಹತ್ತಿರದ ಮೌಬ್ರೇ ಎಂಬಲ್ಲಿ ಛಾಯಾಗ್ರಾಹಕನಾಗಿದ್ದ ಆಲಿಸ್ ಎಂಬವನ ನೆರವು ಕೇಳಿದ. ಮುಖಚಿತ್ರ ತೆಗೆಯಲು ಬಳಸುತ್ತಿದ್ದ, ಎರಡೂವರೆ ಅಂಗುಲ ಅಗಲದ, 11 ಅಂಗುಲ ಸಂಗಮದೂರದ ಮಸೂರವುಳ್ಳ ಕ್ಯಾಮೆರಾವನ್ನು 6 ಅಂಗುಲದ ದೂರದರ್ಶಕದ ಪೀಠಕ್ಕೆ ಬಿಗಿದರು. ಗಿಲ್ ದೊಡ್ಡ ಕೊಳವೆಯಲ್ಲಿ ಧೂಮಕೇತುವಿನ ತಲೆಯನ್ನು ನೋಡುತ್ತ ಯಂತ್ರವನ್ನು ತಿದ್ದುತ್ತಿದ್ದರೆ ಚಿಕ್ಕ ಕ್ಯಾಮೆರಾ ಆಕಾಶವನ್ನು ಕುಡಿಯುತ್ತಿತ್ತು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ತೆಗೆದ ಆ ಚಿತ್ರಗಳಲ್ಲಿ ಕೆಲವಕ್ಕೆ ಎರಡು ಗಂಟೆಗೂ ಮೀರಿ ಬೆಳಕುಣಿಸಲಾಗಿತ್ತು.

ಇಲ್ಲಿ ಒಂದು ಸರಳ ಲೆಕ್ಕವಿದೆ. 11 ಅಂಗುಲ ಸಂಗಮದೂರದ ಕ್ಯಾಮೆರಾದಲ್ಲಿ ಫಲಕದ ಒಂದು ಮಿಲಿಮೀಟರಿನೊಳಗೆ ಆಕಾಶದ ಸುಮಾರು 12 ಕಲೆಗಳು ಅಡಗುತ್ತವೆ. ಗಿಲ್‌ನ ಕೈ ಹತ್ತು ವಿಕಲೆ ತಪ್ಪಿದರೂ ಫಲಕದ ಮೇಲೆ ಅದು ಮಿಲಿಮೀಟರಿನ ಎಪ್ಪತ್ತನೆಯ ಒಂದು ಭಾಗ ಮಾತ್ರ. ಅದೇ ಹತ್ತು ವಿಕಲೆ ದೊಡ್ಡ ಕೊಳವೆಯಲ್ಲಿ ನೋಡುವವನಿಗೆ ಎದ್ದು ಕಾಣುತ್ತದೆ. ದೊಡ್ಡದು ಕಾವಲಿಗೆ, ಚಿಕ್ಕದು ಕೆಲಸಕ್ಕೆ ನಿಂತಾಗ ಕಾವಲುಗಾರನ ದೃಷ್ಟಿ ಕೆಲಸಗಾರನ ಅಗತ್ಯಕ್ಕಿಂತ ಬಹಳ ಹರಿತವಾಗಿರುತ್ತದೆ. ಇಂದಿಗೂ ಹವ್ಯಾಸಿಗಳು ದೂರದರ್ಶಕದ ಬೆನ್ನ ಮೇಲೆ ಕ್ಯಾಮೆರಾ ಕೂರಿಸಿಯೇ ಈ ವಿದ್ಯೆಗೆ ಅಕ್ಷರಾಭ್ಯಾಸ ಮಾಡುವುದರ ಗುಟ್ಟು ಇದು.

ಗಿಲ್ ಹುಡುಕಿದ್ದು ಧೂಮಕೇತುವನ್ನು, ಅವನಿಗೆ ಸಿಕ್ಕಿದ್ದು ನಕ್ಷತ್ರಗಳು. ಧೂಮಕೇತುವಿನ ಬಾಲದ ಹಿಂದೆಯೂ ಸುತ್ತಲೂ ಎಣಿಸಲಾರದಷ್ಟು ಚುಕ್ಕೆಗಳು ಮೂಡಿದ್ದವು. ಇಡೀ ಆಕಾಶದ ನಕಾಶೆಯನ್ನು ಕೈಯಿಂದ ಬರೆಯುವ ಬದಲು ಹೀಗೆಯೇ ತೆಗೆಯಬಹುದಲ್ಲವೆ ಎಂಬ ಯೋಚನೆ ಅಲ್ಲಿ ಹುಟ್ಟಿತು. ಮುಂದೆ ಕೇಪ್‌ನಲ್ಲಿ ತೆಗೆದ ಫಲಕಗಳನ್ನು ಹಾಲೆಂಡಿನಲ್ಲಿ ಕಾಪ್ಟೈನ್ ವರ್ಷಗಟ್ಟಲೆ ಅಳೆದು, ದಕ್ಷಿಣಾಕಾಶದ 4,54,875 ನಕ್ಷತ್ರಗಳ ಪಟ್ಟಿಯನ್ನು 1896ರಿಂದ 1900ರ ನಡುವೆ ಪ್ರಕಟಿಸಿದ.

ಅದೇ ಹೊತ್ತಿಗೆ ಪ್ಯಾರಿಸಿನಲ್ಲಿ ಪಾಲ್ ಮತ್ತು ಪ್ರಾಸ್ಪರ್ ಹೆನ್ರಿ ಎಂಬ ಸಹೋದರರು ರವಿಮಾರ್ಗದ ಆಸುಪಾಸಿನ ನಕ್ಷತ್ರಗಳನ್ನು ಒಂದೊಂದಾಗಿ ನೋಡಿ ನಕಾಶೆಗೆ ಇಳಿಸುತ್ತಿದ್ದರು. ಕೆಲಸ ಸಾಗುತ್ತ ಆಕಾಶಗಂಗೆಯ ದಡ ಮುಟ್ಟಿದಾಗ ಕೈ ಸೋತಿತು. ಅಲ್ಲಿಯ ನಕ್ಷತ್ರಗಳನ್ನು ಕಣ್ಣಿನಿಂದ ಗುರುತಿಸಿ ಮುಗಿಸುವುದು ಮನುಷ್ಯಸಾಧ್ಯವಲ್ಲವೆಂದು ಅರಿತು ಅವರೂ ಛಾಯಾಗ್ರಹಣಕ್ಕೆ ತಿರುಗಿದರು. 1885ರಲ್ಲಿ ಅವರು ಸಿದ್ಧಪಡಿಸಿದ ದೂರದರ್ಶಕ ನಮ್ಮ ವಿಷಯದಲ್ಲಿ ಒಂದು ತಿರುವು. ಚೌಕಾಕಾರದ ಒಂದೇ ಉದ್ದನೆಯ ಪೆಟ್ಟಿಗೆ, ಅದರೊಳಗೆ ಎರಡು ದೂರದರ್ಶಕ. ಒಂದು ಬದಿಯಲ್ಲಿ ಫಲಕಕ್ಕಾಗಿ ಸುಮಾರು 33 ಸೆಂಟಿಮೀಟರ್ ಅಗಲದ ಮಸೂರ, ಮತ್ತೊಂದು ಬದಿಯಲ್ಲಿ ಕಣ್ಣಿಗಾಗಿ 24 ಸೆಂಟಿಮೀಟರಿನದು. ಒಂದರ ಬೆನ್ನೇರಿ ಇನ್ನೊಂದು ಕೂರುವ ಸಂಬಂಧ ಹೋಗಿ, ಒಂದೇ ಸೂರಿನಡಿ ಬಾಳುವ ಸಂಬಂಧ ಬಂತು.

1887ರ ಏಪ್ರಿಲಿನಲ್ಲಿ ಪ್ಯಾರಿಸ್ ವೀಕ್ಷಣಾಲಯದ ನಿರ್ದೇಶಕ ಅಡ್ಮಿರಲ್ ಮೂಷೆ ಕರೆದ ಸಭೆಯಲ್ಲಿ ಹಲವು ದೇಶಗಳ ಖಗೋಳಜ್ಞರು ಸೇರಿ, ಇಡೀ ಆಕಾಶವನ್ನು ಪಟ್ಟಿಗಳಾಗಿ ಹಂಚಿಕೊಂಡು ಛಾಯಾಚಿತ್ರದ ನಕಾಶೆ ಮಾಡಲು ನಿರ್ಧರಿಸಿದರು. ಫ್ರೆಂಚರು ಅದನ್ನು ಕಾರ್ತ್ ದ್ಯು ಸಿಯೆಲ್, ಅಂದರೆ ಆಕಾಶದ ನಕಾಶೆ, ಎಂದು ಕರೆದರು. ಹೆನ್ರಿ ಸಹೋದರರ ಯಂತ್ರವೇ ಮಾದರಿಯಾಯಿತು. ಅದರ ಸಂಗಮದೂರ 3.43 ಮೀಟರ್. ಈ ವಿಚಿತ್ರ ಸಂಖ್ಯೆಗೆ ಕಾರಣವಿದೆ: ಆಗ ಫಲಕದ ಒಂದು ಮಿಲಿಮೀಟರ್ ಸರಿಯಾಗಿ ಆಕಾಶದ ಒಂದು ಕಲೆಗೆ ಸಮನಾಗುತ್ತದೆ. ಅಳೆಯುವವರಿಗೆ ಇದು ವರ, ಕಾಯುವವರಿಗೆ ಶಾಪ. ಯಂತ್ರ ನಿಂತುಬಿಟ್ಟರೆ ನಕ್ಷತ್ರ ನಾಲ್ಕೇ ಸೆಕೆಂಡುಗಳಲ್ಲಿ ಒಂದು ಮಿಲಿಮೀಟರ್ ಓಡುತ್ತದೆ. ನಕಾಶೆಯ ಫಲಕಗಳಿಗೆ ಅರ್ಧ ಗಂಟೆಯಂತೆ ಮೂರು ಸಲ, ಪ್ರತಿ ಸಲವೂ ಕೊಂಚ ಸರಿಸಿ, ಬೆಳಕುಣಿಸುವ ಕ್ರಮವಿತ್ತು. ಹಾಗೆ ಮಾಡಿದಾಗ ನಿಜವಾದ ಪ್ರತಿಯೊಂದು ನಕ್ಷತ್ರವೂ ಪುಟ್ಟ ತ್ರಿಕೋನವಾಗಿ ಮೂಡುತ್ತದೆ, ಫಲಕದ ಧೂಳಿನ ಕಲೆ ಮಾತ್ರ ಒಂಟಿ ಚುಕ್ಕೆಯಾಗಿ ಉಳಿದು ಸಿಕ್ಕಿಬೀಳುತ್ತದೆ. ಇಷ್ಟಕ್ಕೂ ಆಧಾರ ಪಕ್ಕದ ಕೊಳವೆಯಲ್ಲಿ, ಸೂಕ್ಷ್ಮವಾದ ಎರಡು ಎಳೆಗಳು ಕೂಡುವಲ್ಲಿ ಒಂದು ನಕ್ಷತ್ರವನ್ನು ನಿಲ್ಲಿಸಿ, ಅದು ಕದಲದಂತೆ ಕೈಯಲ್ಲಿ ತಿರುಪು ಹಿಡಿದು ಕಾಯುವ ಮನುಷ್ಯ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂಬ ನಮ್ಮ ಮಾತು ಈ ಉದ್ಯೋಗಕ್ಕಾಗಿಯೇ ಹುಟ್ಟಿದಂತಿದೆ.

ಈ ಕಾಯುವಿಕೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವನು ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್. 1857ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಕಡುಬಡ ಕುಟುಂಬದಲ್ಲಿ ಹುಟ್ಟಿದ ಅವನು ಒಂಬತ್ತನೆಯ ವಯಸ್ಸಿನಲ್ಲೇ ಛಾಯಾಚಿತ್ರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಂಗಡಿಯ ಮಾಳಿಗೆಯ ಮೇಲೆ ಚಿತ್ರಗಳನ್ನು ಹಿಗ್ಗಿಸುವ ಭಾರಿ ಯಂತ್ರವಿತ್ತು. ವಿದ್ಯುದ್ದೀಪವಿಲ್ಲದ ಕಾಲ, ಬೆಳಕೆಂದರೆ ಸೂರ್ಯನದು. ಯಂತ್ರದ ಮುಖ ಸೂರ್ಯನನ್ನು ಬಿಟ್ಟು ಅಲುಗದಂತೆ ಚಕ್ರಗಳನ್ನು ತಿರುಗಿಸುತ್ತ ನಿಲ್ಲುವುದು ಹುಡುಗನ ಕೆಲಸ. ಮುಂದೆ ಜೀವನವಿಡೀ ಅವನು ಮಾಡಿದ್ದೂ ಅದನ್ನೇ, ಸೂರ್ಯನ ಜಾಗದಲ್ಲಿ ನಕ್ಷತ್ರ ಬಂತು ಅಷ್ಟೆ.

1888ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯಕ್ಕೆ ಬಂದ ಬಾರ್ನಾರ್ಡ್‌ಗೆ ಅಲ್ಲಿಯ ಜಗದ್ವಿಖ್ಯಾತ 36 ಅಂಗುಲದ ದೂರದರ್ಶಕ ಸುಲಭವಾಗಿ ಸಿಗುತ್ತಿರಲಿಲ್ಲ. ಅವನಿಗೆ ದೊರೆತದ್ದು ಮುಖಚಿತ್ರಕ್ಕೆಂದು ತಯಾರಾಗಿದ್ದ 6 ಅಂಗುಲದ ಹಳೆಯ ಮಸೂರ, ವಿಲರ್ಡ್ ಮಸೂರವೆಂದು ಪ್ರಸಿದ್ಧವಾದದ್ದು. ಅದನ್ನು ಮರದ ಪೆಟ್ಟಿಗೆಗೆ ಕೂಡಿಸಿ ಆರೂವರೆ ಅಂಗುಲದ ದೂರದರ್ಶಕದ ಮೇಲೆ ಬಿಗಿದು 1889ರ ಬೇಸಗೆಯಲ್ಲಿ ಆಕಾಶಗಂಗೆಯತ್ತ ತಿರುಗಿಸಿದ. ಮೂರು ಗಂಟೆಗೂ ಮೀರಿ ಕಣ್ಣು ಕದಲಿಸದೆ ಕಾದು ತೆಗೆದ ಆ ಚಿತ್ರಗಳಲ್ಲಿ ಆಕಾಶಗಂಗೆ ಮೊದಲ ಬಾರಿಗೆ ತನ್ನ ಮೋಡಗಳನ್ನೂ ಕಾಲುವೆಗಳನ್ನೂ ಬಿಚ್ಚಿ ತೋರಿಸಿತು. ಜಗತ್ತಿನ ಅತಿ ದೊಡ್ಡ ಮಸೂರ ದೂರದರ್ಶಕದ ನೆರಳಿನಲ್ಲಿ, ಅಂಗಡಿಯ ಮಸೂರವೊಂದು ಅದಕ್ಕೆ ಎಂದೂ ಕಾಣಲಾಗದಷ್ಟು ವಿಶಾಲವಾದ ದೃಶ್ಯವನ್ನು ಕಂಡಿತು.

ಪಣಕ್ಕಿದ್ದುದು ಬರಿಯ ಸೊಬಗಲ್ಲ. ಆಕಾಶಗಂಗೆಯ ನಡುವೆ ಅಲ್ಲಲ್ಲಿ ಕಾಣುವ ಕಪ್ಪು ತೇಪೆಗಳು ಏನು? ನಕ್ಷತ್ರಗಳೇ ಇಲ್ಲದ ಕಂಡಿಗಳೆ, ಇಲ್ಲವೆ ಹಿಂದಿನ ನಕ್ಷತ್ರಗಳನ್ನು ಮರೆಮಾಡಿದ ಧೂಳಿನ ತೆರೆಗಳೆ? ಉತ್ತರ ಆ ತೇಪೆಗಳ ಅಂಚಿನಲ್ಲಿತ್ತು. ಅಂಚು ಚೂಪಾಗಿ ಕತ್ತರಿಸಿದಂತಿದ್ದರೆ ಎದುರಿಗೆ ಏನೋ ಅಡ್ಡ ನಿಂತಿದೆ ಎನ್ನಬಹುದು. ಆದರೆ ಕಾಯುವವನ ಕೈ ಅಲುಗಿದ್ದರೆ ಅಂಚು ತಾನಾಗಿಯೇ ಕಲಸಿಹೋಗುತ್ತದೆ, ಸಾಕ್ಷ್ಯವೇ ಕೆಟ್ಟುಹೋಗುತ್ತದೆ. ಬಾರ್ನಾರ್ಡ್ ಮೊದಮೊದಲು ಇವನ್ನು ಕಂಡಿಗಳೆಂದೇ ನಂಬಿದ್ದ. ಅವನ ಮನಸ್ಸನ್ನು ಬದಲಿಸಿದ್ದು ಅವನದೇ ಫಲಕಗಳು. ಕ್ಯಾಥರಿನ್ ಬ್ರೂಸ್ ಎಂಬ ಮಹಿಳೆ ನೀಡಿದ 7,000 ಡಾಲರ್ ದಾನದಿಂದ ಯರ್ಕಿಸ್ ವೀಕ್ಷಣಾಲಯಕ್ಕಾಗಿ ತಯಾರಾದ ಅವನ ಉಪಕರಣದಲ್ಲಿ 10 ಅಂಗುಲದ ಒಂದು, ಆರೂಕಾಲು ಅಂಗುಲದ ಇನ್ನೊಂದು ಛಾಯಾಮಸೂರ, ಅವೆರಡರ ಜತೆಗೆ 5 ಅಂಗುಲದ ನೋಡುವ ದೂರದರ್ಶಕ ಒಂದೇ ಪೀಠದ ಮೇಲೆ ಕೂಡಿದ್ದವು. 1905ರಲ್ಲಿ ಅದನ್ನು ಮೌಂಟ್ ವಿಲ್ಸನ್ ಬೆಟ್ಟಕ್ಕೆ ಒಯ್ದು ತಿಂಗಳುಗಟ್ಟಲೆ ಚಿತ್ರ ತೆಗೆದ. 1919ರಲ್ಲಿ 182 ಕಪ್ಪು ನೀಹಾರಿಕೆಗಳ ಪಟ್ಟಿಯನ್ನು ಅವನು ಪ್ರಕಟಿಸಿದ. ಆಕಾಶಗಂಗೆಯ ಆಯ್ದ ಪ್ರದೇಶಗಳ ಚಿತ್ರಸಂಪುಟ ಹೊರಬಂದದ್ದು 1927ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷಗಳ ತರುವಾಯ. ಎಡ್ವಿನ್ ಫ್ರಾಸ್ಟ್ ಮತ್ತು ಬಾರ್ನಾರ್ಡ್‌ನ ಹೆಂಡತಿಯ ಸೋದರ ಸೊಸೆ ಮೇರಿ ಕ್ಯಾಲ್ವರ್ಟ್ ಅದನ್ನು ಸಂಪಾದಿಸಿ ಮುಗಿಸಿದರು.

ಕಾಯುವಿಕೆಗೆ ಇನ್ನೊಂದು ಗುಣವೂ ಇದೆ. ನಾವು ಯಾವುದನ್ನು ಹಿಂಬಾಲಿಸುತ್ತೇವೆಯೋ ಅದು ಚುಕ್ಕೆಯಾಗುತ್ತದೆ, ಬೇರೆ ವೇಗದಲ್ಲಿ ನಡೆಯುವುದೆಲ್ಲ ಗೀರಾಗುತ್ತದೆ. ಹೈಡೆಲ್ಬರ್ಗಿನ ಮ್ಯಾಕ್ಸ್ ವೋಲ್ಫ್ ಇದನ್ನೇ ಬೇಟೆಯ ಬಲೆಯಾಗಿಸಿದ. ನಕ್ಷತ್ರಗಳನ್ನು ನಿಷ್ಠೆಯಿಂದ ಹಿಂಬಾಲಿಸಿ ತೆಗೆದ ಫಲಕದಲ್ಲಿ ಎಲ್ಲಿ ಪುಟ್ಟ ಗೀರು ಕಂಡರೂ ಅದು ಅಲೆಮಾರಿ, ಅಂದರೆ ಕ್ಷುದ್ರಗ್ರಹ. 1891ರ ಡಿಸೆಂಬರಿನಲ್ಲಿ ಅವನು ಕಂಡುಹಿಡಿದ ಬ್ರೂಸಿಯಾ, ಛಾಯಾಚಿತ್ರದ ಮೂಲಕ ಪತ್ತೆಯಾದ ಮೊದಲ ಕ್ಷುದ್ರಗ್ರಹ. ನಕ್ಷತ್ರಗಳ ಚುಕ್ಕೆಯೇ ದುಂಡಾಗಿರದಿದ್ದರೆ ಅಂಥ ಗೀರನ್ನು ಗುರುತಿಸುವುದಾದರೂ ಹೇಗೆ?

ಈವರೆಗಿನ ಕಥೆಯಲ್ಲಿ ನೋಡುವ ಕೊಳವೆ ದೊಡ್ಡದಾಗಿಯೋ ಸರಿಸಮವಾಗಿಯೋ ಇತ್ತು. ಭಾರಿ ಕನ್ನಡಿಯ ದೂರದರ್ಶಕಗಳು ಛಾಯಾಗ್ರಹಣಕ್ಕೆ ಇಳಿದಾಗ ಪಾತ್ರಗಳು ಅದಲುಬದಲಾದವು. ಲಿವರ್‌ಪೂಲಿನ ಬಳಿ ಐಸಾಕ್ ರಾಬರ್ಟ್ಸ್ ಎಂಬ ಶ್ರೀಮಂತ ಹವ್ಯಾಸಿ 20 ಅಂಗುಲದ ಕನ್ನಡಿ ದೂರದರ್ಶಕವನ್ನೂ 7 ಅಂಗುಲದ ಮಸೂರ ದೂರದರ್ಶಕವನ್ನೂ ಒಂದೇ ಅಕ್ಷದ ಮೇಲೆ, ತಕ್ಕಡಿಯ ಎರಡು ತಟ್ಟೆಗಳಂತೆ ತೂಗಿಸಿ ನಿಲ್ಲಿಸಿದ್ದ. 1888ರ ಡಿಸೆಂಬರ್ 29ರಂದು ಅವನು ತೆಗೆದ ದೇವಯಾನಿ ನೀಹಾರಿಕೆಯ ಚಿತ್ರ ಅದರ ಸುರುಳಿಯಾಕಾರವನ್ನು ಲೋಕಕ್ಕೆ ತೋರಿಸಿತು. ಈಗ ಬರೆಯುವುದು ದೊಡ್ಡದು, ಕಾಯುವುದು ಚಿಕ್ಕದು. ಮುಂದಿನ ವರ್ಷಗಳಲ್ಲಿ ರಾಬರ್ಟ್ಸ್‌ನ ಹೆಸರಿನಲ್ಲಿ ಬಂದ ಚಿತ್ರಗಳ ಹಿಂದೆ ಅವನ ಸಹಾಯಕ ಫ್ರಾಂಕ್ಸ್‌ನ ಜಾಗರಣೆಯಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ದಸರಾ ಮೆರವಣಿಗೆಯಲ್ಲಿ ಅಂಬಾರಿಯನ್ನು ನೋಡಿದವರಲ್ಲಿ ಮಾವುತನ ಮುಖವನ್ನು ನೆನಪಿಟ್ಟವರೆಷ್ಟು ಮಂದಿ?

ಆದರೆ ದೊಡ್ಡದನ್ನು ಚಿಕ್ಕದು ಕಾಯುವ ಏರ್ಪಾಡಿನಲ್ಲಿ ಒಂದು ಬಿರುಕು ಅಡಗಿತ್ತು. ಅದನ್ನು ಬಯಲಿಗೆ ತಂದದ್ದು ಕ್ರಾಸ್ಲಿ ದೂರದರ್ಶಕದ ಅನುಭವ. ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ಕಟ್ಟಿಸಿದ 36 ಅಂಗುಲದ ಈ ಕನ್ನಡಿ ದೂರದರ್ಶಕ 1883ರ ಜನವರಿಯಲ್ಲಿ ಮಹಾವ್ಯಾಧದ ನೀಹಾರಿಕೆಯ ಹೆಸರುವಾಸಿ ಚಿತ್ರವನ್ನು ಕೊಟ್ಟಿತ್ತು. ಎಡ್ವರ್ಡ್ ಕ್ರಾಸ್ಲಿಯ ಕೈಗೆ ಹೋಗಿ, ಅವನ ದಾನವಾಗಿ 1895ರಲ್ಲಿ ಲಿಕ್ ವೀಕ್ಷಣಾಲಯಕ್ಕೆ ಬಂತು. 1898ರಿಂದ ಅದನ್ನು ಪಳಗಿಸಲು ಕುಳಿತ ಜೇಮ್ಸ್ ಕೀಲರ್‌ಗೆ ಒಂದು ಒಗಟು ಎದುರಾಯಿತು. ಪಕ್ಕದ ಕೊಳವೆಯಲ್ಲಿ ನಕ್ಷತ್ರ ಎಳೆಗಳ ಮೇಲೆ ನಿಶ್ಚಲವಾಗಿ ನಿಂತಿದ್ದರೂ ಫಲಕದ ಮೇಲೆ ಗೀರುಗಳೇ ಮೂಡುವ ಸಂಭವವಿತ್ತು. ಆಕಾಶದ ಜತೆಗೆ ದೂರದರ್ಶಕ ವಾಲಿದಂತೆಲ್ಲ ಭಾರವಾದ ಕನ್ನಡಿ ತನ್ನ ಕೂಡಿನಲ್ಲಿ ಕೂದಲೆಳೆಯಷ್ಟು ಕುಳಿತೇಳುತ್ತದೆ, ಕೊಳವೆ ಬಾಗುತ್ತದೆ. ಚಿಕ್ಕ ಕೊಳವೆ ತನ್ನದೇ ರೀತಿಯಲ್ಲಿ ಬಾಗುತ್ತದೆ. ಎರಡೂ ಬೇರೆ ಬೇರೆಯಾಗಿ ಬಾಗಿದರೆ, ಕಾಯುವವನು ತನ್ನ ನಕ್ಷತ್ರಕ್ಕೆ ಎಷ್ಟು ನಿಷ್ಠನಾಗಿದ್ದರೂ ಬರೆಯುವವನಿಗೆ ದ್ರೋಹವಾಗುತ್ತದೆ. ಒಂದೇ ಪೀಠದ ಮೇಲೆ ಕುಳಿತ ಮಾತ್ರಕ್ಕೆ ಇಬ್ಬರು ನೋಡುವುದು ಒಂದೇ ಆಗುವುದಿಲ್ಲ.

ಇದಕ್ಕೆ ಪರಿಹಾರವನ್ನು ಕಾಮನ್ ಮೊದಲೇ ಸೂಚಿಸಿದ್ದ, ಕೀಲರ್ ಅದನ್ನು ಪೂರ್ಣವಾಗಿ ಬಳಸಿದ. ಫಲಕವನ್ನು ಎರಡು ದಿಕ್ಕಿನಲ್ಲಿ ಜಾರುವ ಚೌಕಟ್ಟಿನಲ್ಲಿ ಇರಿಸಿ, ಫಲಕದ ಅಂಚಿನ ಹೊರಗೆ ಬೀಳುವ ನಕ್ಷತ್ರವೊಂದನ್ನು ಅದೇ ಕನ್ನಡಿಯ ಬೆಳಕಿನಲ್ಲಿ ನೋಡುತ್ತ, ದೂರದರ್ಶಕದ ಬದಲು ಫಲಕವನ್ನೇ ತಿರುಪಿನಿಂದ ಸರಿಸುವುದು. ಕನ್ನಡಿ ಅಲುಗಿದರೆ ಕಾಯುವ ನಕ್ಷತ್ರವೂ ಅಷ್ಟೇ ಅಲುಗುತ್ತದೆ, ಮೋಸ ಮುಚ್ಚಿಡಲಾಗುವುದಿಲ್ಲ. ಹೀಗೆ ಎರಡನೆಯ ದೂರದರ್ಶಕ ಮೊದಲನೆಯದರ ಒಡಲಲ್ಲೇ ಸೇರಿಕೊಂಡಿತು. ಹೀಗೆ ತೆಗೆದ ಗಂಟೆಗಟ್ಟಲೆಯ ಚಿತ್ರಗಳಿಂದ ಕೀಲರ್, ಕ್ರಾಸ್ಲಿಗೆ ಎಟುಕುವ ನೀಹಾರಿಕೆಗಳೇ 1,20,000 ಇರಬಹುದೆಂದೂ, ಅವುಗಳಲ್ಲಿ ಬಹುಪಾಲು ಸುರುಳಿಯಾಕಾರದವೆಂದೂ ಹೇಳಿದ. ಅವನು 1900ರಲ್ಲಿ ಅಕಾಲಿಕವಾಗಿ ತೀರಿಕೊಂಡ. ಆ ಸುರುಳಿಗಳೆಲ್ಲ ನಮ್ಮ ಆಕಾಶಗಂಗೆಯ ಆಚೆಯ ಬೇರೆ ಬೇರೆ ಲೋಕಗಳೆಂದು ಸ್ಥಿರವಾಗಲು ಇನ್ನೂ ಕಾಲು ಶತಮಾನ ಬೇಕಾಯಿತು.

ಹಾಗೆಂದು ಮೇಲೆ ಕೂರುವ ಎರಡನೆಯ ಕೊಳವೆಯ ಕಾಲ ಮುಗಿಯಲಿಲ್ಲ. ಅರಿಜೋನಾದ ಲೋವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಎಂಬ ರೈತಕುಟುಂಬದ ಯುವಕ 13 ಅಂಗುಲದ ದೂರದರ್ಶಕದಿಂದ, ಗಂಟೆಗೊಂದು ಫಲಕದಂತೆ, ನಕ್ಷತ್ರಕ್ಕೆ ಕಣ್ಣಿಟ್ಟು ಆಕಾಶವನ್ನು ಶೋಧಿಸುತ್ತಿದ್ದ. 1930ರ ಜನವರಿ 23 ಮತ್ತು 29ರಂದು ತೆಗೆದ ಎರಡು ಫಲಕಗಳನ್ನು ಫೆಬ್ರವರಿ 18ರಂದು ಹೋಲಿಸುವಾಗ ಜಾಗ ಬದಲಿಸಿದ ಮಂಕು ಚುಕ್ಕೆಯೊಂದು ಕಂಡಿತು. ಅದು ಗ್ರಹವೋ ಫಲಕದ ದೋಷವೋ? ಅದೇ ಪೀಠದ ಮೇಲೆ 5 ಅಂಗುಲದ ಚಿಕ್ಕ ಕ್ಯಾಮೆರಾವೂ ಕುಳಿತಿತ್ತು, ಅದೇ ರಾತ್ರಿಗಳಲ್ಲಿ ಅದೇ ಆಕಾಶವನ್ನು ತಾನೂ ಬರೆದುಕೊಂಡಿತ್ತು. ಟಾಂಬೊ ಆ ಫಲಕಗಳನ್ನು ತೆಗೆದು ನೋಡಿದ. ಚುಕ್ಕೆ ಅಲ್ಲಿಯೂ ಇತ್ತು. ಪ್ಲೂಟೊವಿಗೆ ಮೊದಲ ಸಾಕ್ಷಿ ನುಡಿದದ್ದು ಹೆಗಲ ಮೇಲಿನ ಆ ಚಿಕ್ಕ ಕ್ಯಾಮೆರಾ.

ಈ ಚರಿತ್ರೆಯ ಒಂದು ಅಧ್ಯಾಯ ನಮ್ಮ ನೆಲದಲ್ಲೂ ನಡೆಯಿತು. ಹೈದರಾಬಾದಿನ ಶ್ರೀಮಂತ ನವಾಬ್ ಜಫರ್ ಜಂಗ್ ಇಂಗ್ಲೆಂಡಿನಿಂದ 15 ಅಂಗುಲದ ಗ್ರಬ್ ದೂರದರ್ಶಕವನ್ನು ತರಿಸಿ, 1901ರಲ್ಲಿ ಫಿಸಲ್‌ಬಂಡದ ತನ್ನ ಜಾಗದಲ್ಲಿ ವೀಕ್ಷಣಾಲಯ ತೆರೆದ. ಅವನು ತೀರಿಕೊಂಡ ಮೇಲೆ 1908ರಲ್ಲಿ ನಿಜಾಮ ಸರ್ಕಾರ ಅದನ್ನು ವಹಿಸಿಕೊಂಡಿತು, ಮುಂದೆ ಅದು ಬೇಗಂಪೇಟೆಯಲ್ಲಿ ನೆಲೆಯೂರಿತು. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಅಂದು ಅದೇ ಸಂಸ್ಥಾನಕ್ಕೆ ಸೇರಿದ್ದುದರಿಂದ, ನಿಜಾಮಿಯಾ ವೀಕ್ಷಣಾಲಯ ಕನ್ನಡ ನಾಡಿನ ಒಂದು ಭಾಗಕ್ಕೂ ತನ್ನದೇ ಸರ್ಕಾರದ ವೀಕ್ಷಣಾಲಯವಾಗಿತ್ತು ಎಂಬುದನ್ನು ಹೊರನಾಡಿನಲ್ಲಿರುವ ನಾವು ನೆನಪಿಡಬೇಕು.

ಪ್ಯಾರಿಸಿನ ಸಭೆಯಲ್ಲಿ ಆಕಾಶವನ್ನು ಹಂಚಿದಾಗ ದಕ್ಷಿಣದ 17ನೆಯ ಅಂಶದಿಂದ 23ನೆಯ ಅಂಶದವರೆಗಿನ ಪಟ್ಟಿ ಚಿಲಿ ದೇಶದ ಸಾಂತಿಯಾಗೋವಿನ ಪಾಲಿಗೆ ಬಂದಿತ್ತು. ಅಲ್ಲಿ ಕೆಲಸ ಮುಗಿಯದೆ, ಆ ಹೊಣೆಯನ್ನು ಹೈದರಾಬಾದ್ ಹೊತ್ತುಕೊಂಡಿತು. 8 ಅಂಗುಲದ ಕುಕ್ ಆಸ್ಟ್ರೋಗ್ರಾಫ್‌ನಿಂದ 1914ರ ಸುಮಾರಿಗೆ ಆರಂಭವಾದ ಈ ಕೆಲಸವನ್ನು ಮೊದಲು ಪೋಕಾಕ್, 1918ರಿಂದ ಟಿ. ಪಿ. ಭಾಸ್ಕರನ್ ಮುನ್ನಡೆಸಿದರು. ಅದು ಮುಗಿಯುವ ಹೊತ್ತಿಗೆ ಜರ್ಮನಿಯ ಪಾಟ್ಸ್‌ಡಮ್ ಕೈಬಿಟ್ಟ ಉತ್ತರದ 36ರಿಂದ 39ನೆಯ ಅಂಶದವರೆಗಿನ ಪಟ್ಟಿಯನ್ನೂ ಹೈದರಾಬಾದೇ ವಹಿಸಿಕೊಂಡಿತು. ಎರಡೂ ಪಟ್ಟಿಗಳಿಂದ ಅಳೆದ ನಕ್ಷತ್ರಗಳು ಲಕ್ಷಗಟ್ಟಲೆ. ಇದೇ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ ಒಬ್ಬರ ಮಗ ವೇಣು ಬಾಪು ಮುಂದೆ ಕಾವಲೂರಿನ ವೀಕ್ಷಣಾಲಯವನ್ನು ಕಟ್ಟಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು.

ಕಾರ್ತ್ ದ್ಯು ಸಿಯೆಲ್ ಯೋಜನೆಯನ್ನು ಬಹುಕಾಲ ಒಂದು ವ್ಯರ್ಥ ಸಾಹಸವೆಂದೇ ಬಗೆಯಲಾಗಿತ್ತು. ನಕಾಶೆಯ ಭಾಗ ಎಂದೂ ಪೂರ್ಣವಾಗಲಿಲ್ಲ. ಪಟ್ಟಿಯ ಸಂಪುಟಗಳು ಗ್ರಂಥಾಲಯಗಳಲ್ಲಿ ಧೂಳು ಹಿಡಿದವು. ದಶಕಗಳ ಕಾಲ ತೆಗೆಯದ ಕಡತದ ಗತಿ ಏನೆಂದು ಸರ್ಕಾರಿ ಕಚೇರಿಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಆದರೆ 1989ರಲ್ಲಿ ಯುರೋಪಿನ ಹಿಪ್ಪಾರ್ಕಸ್ ಉಪಗ್ರಹ ನಕ್ಷತ್ರಗಳ ಇಂದಿನ ಸ್ಥಾನವನ್ನು ಅಳೆಯಲು ಹೊರಟಾಗ ಕಡತ ತೆರೆಯಿತು. ನಕ್ಷತ್ರವೊಂದು ಎತ್ತ ಸಾಗುತ್ತಿದೆ, ಎಷ್ಟು ವೇಗವಾಗಿ ಸಾಗುತ್ತಿದೆ ಎಂದು ತಿಳಿಯಲು ಇಂದಿನ ಸ್ಥಾನವೊಂದೇ ಸಾಲದು, ಬಹಳ ಹಿಂದಿನ ಸ್ಥಾನವೂ ಬೇಕು. 2000ದಲ್ಲಿ ಪ್ರಕಟವಾದ ಟೈಕೊ-2 ಪಟ್ಟಿಯಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯನ್ನು ಲೆಕ್ಕ ಹಾಕಲು ಹಳೆಯ ಆಧಾರವಾಗಿ ಮುಖ್ಯವಾಗಿ ಬಳಕೆಯಾದದ್ದು ಆ ಧೂಳು ಹಿಡಿದ ಸಂಪುಟಗಳೇ. ಹೈದರಾಬಾದಿನ ಪಟ್ಟಿಗಳೂ ಅದರಲ್ಲಿ ಸೇರಿದ್ದವು.

ಇಂದು ಈ ಕಾಯುವ ಕೆಲಸ ಮನುಷ್ಯನದಲ್ಲ. 1990ರ ದಶಕದಿಂದ ಎಲೆಕ್ಟ್ರಾನಿಕ್ ಕ್ಯಾಮೆರಾಗಳು ಕಾವಲು ನಕ್ಷತ್ರವನ್ನು ತಾವೇ ನೋಡಿ, ಅದು ಸರಿದ ಅಳತೆಯನ್ನು ಲೆಕ್ಕ ಹಾಕಿ, ಮೋಟಾರಿಗೆ ಆಜ್ಞೆ ಕೊಡಲು ಕಲಿತವು. ಮನೆಯ ತಾರಸಿಯ ಮೇಲೆ ದೂರದರ್ಶಕ ನಿಲ್ಲಿಸುವ ಹವ್ಯಾಸಿಗಳು ಈಗ ಮುಖ್ಯ ಕೊಳವೆಯ ಮೇಲೆ ಅಂಗೈಯುದ್ದದ ಇನ್ನೊಂದು ಕೊಳವೆಯನ್ನು ಕೂರಿಸಿ, ಅದರ ಹಿಂದೆ ಪುಟ್ಟ ಕ್ಯಾಮೆರಾ ಸಿಕ್ಕಿಸಿ, ಚಹಾ ಕುಡಿಯಲು ಹೋಗಬಹುದು. ಆದರೂ ಹಳೆಯ ಸಮಸ್ಯೆಗಳು ಹಾಗೆಯೇ ಇವೆ. ಕೊಳವೆಗಳನ್ನು ಕೂಡಿಸುವ ಹಿಡಿ ಸಡಿಲವಾಗಿದ್ದರೆ ಎರಡೂ ಬೇರೆ ಬೇರೆಯಾಗಿ ಬಾಗುತ್ತವೆ, ಗೀರು ಮೂಡುತ್ತದೆ. ಆಗ ಅವರೂ ಕೀಲರ್ ಹಿಡಿದ ದಾರಿಯನ್ನೇ ಹಿಡಿದು, ಮುಖ್ಯ ದೂರದರ್ಶಕದ ಬೆಳಕಿನ ಅಂಚಿನಿಂದಲೇ ಕಾವಲು ನಕ್ಷತ್ರವನ್ನು ಆರಿಸುತ್ತಾರೆ.

ಅರುಂಧತೀ ದರ್ಶನ ನ್ಯಾಯದಲ್ಲಿ, ಅರುಂಧತಿ ಕಂಡ ಮೇಲೆ ವಸಿಷ್ಠನನ್ನು ಬಿಟ್ಟುಬಿಡಬೇಕು ಎಂದು ಶಾಸ್ತ್ರ ಹೇಳುತ್ತದೆ. ಗುರಿ ತಲುಪಿದ ಮೇಲೆ ದಾರಿಗಂಬದ ಹಂಗು ಬೇಡ ಎಂಬ ಅರ್ಥದಲ್ಲಿ. ವಿಜ್ಞಾನದ ಚರಿತ್ರೆಯೂ ತನ್ನ ಕಾವಲುಗಾರರನ್ನು ಹಾಗೆಯೇ ಬಿಟ್ಟು ಬಂದಿದೆ. ಹೈದರಾಬಾದಿನ ಸಂಪುಟಗಳ ಮುಖಪುಟದಲ್ಲಿ ನಿರ್ದೇಶಕರ ಹೆಸರುಗಳಿವೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ರಾತ್ರಿಗಳಲ್ಲಿ ಸರದಿಯಂತೆ ಎದ್ದು ಬಂದು, ಫಲಕ ಹೂಡಿ, ಬೆಳಕುಣಿಸಿ, ಅಳೆದು, ಅಂಕಿ ಬರೆದಿಟ್ಟ ಸಹಾಯಕರ ಹೆಸರುಗಳು ನಮ್ಮ ಓದುಗರ ಕಿವಿಗೆ ಬಿದ್ದಿರಲಾರವು. ಅವರ ಕೆಲಸ ಸರಿಯಾಗಿತ್ತೆ ಎಂದು ತಿಳಿಯಲು ಬೇರೆ ದಾಖಲೆ ಬೇಕಿಲ್ಲ, ಅವರು ಬರೆದಿಟ್ಟ ಸ್ಥಾನಗಳೇ ಸಾಕು. ಎಂಟು ದಶಕಗಳ ಬಳಿಕ ಉಪಗ್ರಹದ ಅಳತೆಯನ್ನು ಪಕ್ಕದಲ್ಲಿಟ್ಟು ಕಳೆದು ನೋಡಿದಾಗ ಆ ಸ್ಥಾನಗಳು ಉಪಯೋಗಕ್ಕೆ ಬಂದವು. ನಕ್ಷತ್ರ ಅಂದು ಎಲ್ಲಿತ್ತೆಂದು ಅವರು ಬರೆದಿಟ್ಟಿದ್ದರಿಂದ, ಅದು ಎತ್ತ ಹೊರಟಿದೆ ಎಂದು ಇಂದು ನಾವು ಹೇಳಬಲ್ಲೆವು.